ಪರೀಕ್ಷೆಗೊಂದು ತಲೆ

ಓದಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಹುಡುಗಿಗೆ ಊರು ಏನು ಕೊಡುತ್ತದೆ? ಉಪದೇಶ ಕೊಡುತ್ತದೆ. ಅದು ಪುಕ್ಕಟೆ ಮಾಲು, ಎಷ್ಟು ಹಂಚಿದರೂ ಖಾಲಿಯಾಗುವುದಿಲ್ಲ. ಕಡ್ಡಿಗೂ ಅದು ಬೇಕಾದಷ್ಟು ಸಿಕ್ಕಿತ್ತು. ಆದರೆ ಅವಳ ಬೀದಿಯವರು ಅಷ್ಟಕ್ಕೇ ನಿಲ್ಲಲಿಲ್ಲ, ತಮ್ಮ ತಲೆಗಳನ್ನೇ ಅವಳ ಕೈಗೆ ಕೊಟ್ಟರು. ಈ ಕಾಲದಲ್ಲಿ ಯಾರಿಗಾಗಿ ಯಾರು ತಲೆ ಕೊಡುತ್ತಾರೆ ಹೇಳಿ. ಅದಕ್ಕೇ ಈ ಕಥೆ.

ಕಡ್ಡಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಮೈ ಕಡ್ಡಿಯಂತಿತ್ತು, ಮಾತು ಕಡ್ಡಿ ಮುರಿದಂತಿತ್ತು. ಹೀಗೆ ಎರಡೂ ಕಡೆಯಿಂದ ಸರಿಹೊಂದಿದ ಮೇಲೆ ತಾಯಿ ಇಟ್ಟ ಹೆಸರನ್ನು ಕೇಳುವವರು ಯಾರು? ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಅಮ್ಮ ಮಗಳಿಗೆ ಒಂದೇ ಕೋಣೆ. ಅಪ್ಪ, ಅವಳು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹಗಲೆಲ್ಲ ಹಬೆಯಲ್ಲಿ ನಿಂತು ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಡಚುವವಳು, ಮನೆಗೆ ಬಂದರೂ ಕೈ ಕಟ್ಟಿ ಕೂರುತ್ತಿರಲಿಲ್ಲ. ಟವೆಲ್ಲು, ಪೇಪರು, ಕೊನೆಗೆ ಅಂಗಡಿಯವನು ಕೊಟ್ಟ ಚೀಲವನ್ನೂ ಅಂಚಿಗೆ ಅಂಚು ಕೂಡಿಸಿ ಮಡಚಿಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಮ್ಮನ ತಮ್ಮ, ಅಂದರೆ ಕಡ್ಡಿಯ ಸೋದರಮಾವ, ಇದ್ದ. ಸಿಟಿ ಬಸ್ಸಿನ ಡ್ರೈವರು. ರಸ್ತೆಯಲ್ಲಿ ಹುಲಿ, ಅಕ್ಕನ ಮುಂದೆ ಇಲಿ.

ಅಮ್ಮನ ತಲೆಯ ಮೇಲೆ ಯಾವಾಗಲೂ ಒಂದು ಬಟ್ಟೆ ಇರುತ್ತಿತ್ತು. ಬಿಸಿಲಿರಲಿ, ಚಳಿಯಿರಲಿ, ಮಲಗಿರಲಿ, ಎದ್ದಿರಲಿ, ನೀಲಿ ಚುಕ್ಕೆಯ ಆ ಬಟ್ಟೆ ಹಿಂದಕ್ಕೆ ಬಿಗಿದು ಕಟ್ಟಿಯೇ ಇರುತ್ತಿತ್ತು. ಸ್ನಾನ ಮುಗಿಸಿ ಬಾಗಿಲು ತೆರೆಯುವ ಮೊದಲೇ ಅದು ತಲೆಗೇರಿರುತ್ತಿತ್ತು. ಒಂದೇ ಕೋಣೆಯಲ್ಲಿ ಬೆಳೆದರೂ ಕಡ್ಡಿ ತಾಯಿಯ ತಲೆಯನ್ನು ಸರಿಯಾಗಿ ಕಂಡವಳಲ್ಲ. ಕಾರಣವನ್ನು ಅವಳಿಗೆ ಹೇಳಿದವನು ಮಾವ, ಅದೂ ಪಿಸುಮಾತಿನಲ್ಲಿ. ಅಮ್ಮ ಹದಿಹರೆಯದಲ್ಲಿ, ಕಡ್ಡಿಗಿಂತ ಚಿಕ್ಕವಳಿದ್ದಾಗ, ಬೀದಿಯ ತುದಿಯಲ್ಲಿದ್ದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳಂತೆ. ಓದಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಮನೆಯಲ್ಲಿ ಅನ್ನ ಮಾತ್ರ ಅಷ್ಟಿರಲಿಲ್ಲ. ಒಂದು ದಿನ ಯಂತ್ರದ ಪಟ್ಟಿಗೆ ಅವಳ ಜಡೆ ಸಿಕ್ಕಿತು. ಪಕ್ಕದಲ್ಲಿದ್ದವಳು ಸ್ವಿಚ್ ಆರಿಸದಿದ್ದರೆ ಪ್ರಾಣವೇ ಹೋಗುತ್ತಿತ್ತು. ಜೀವ ಉಳಿಯಿತು, ಜಡೆಯೂ ಅದರ ಜೊತೆಗೆ ಒಂದಿಷ್ಟು ಚರ್ಮವೂ ಯಂತ್ರದ ಪಾಲಾದವು. ಅವಳ ದುಡಿಮೆಯಲ್ಲಿ ಶಾಲೆಗೆ ಹೋದ ತಮ್ಮ ಮುಂದೆ ಬಸ್ಸು ಓಡಿಸಿದ. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡಳು.

ಅಂದಿನಿಂದ ಅಮ್ಮ ಗಿರಣಿಯ ಗೇಟಿನ ಮುಂದೆ ಕಾಲಿಟ್ಟವಳಲ್ಲ. ಆಸ್ಪತ್ರೆಯ ಬಸ್ಸು ನಿಲ್ಲುವ ಜಾಗ ಆ ಗೇಟು ದಾಟಿದರೆ ಕೂಗಳತೆಯಲ್ಲಿತ್ತು. ಅವಳು ಮಾತ್ರ ಮಾರುಕಟ್ಟೆಯನ್ನೆಲ್ಲ ಬಳಸಿಕೊಂಡು ಹೋಗುತ್ತಿದ್ದಳು. ಯಾರಾದರೂ ಕೇಳಿದರೆ, ನಡೆದರೆ ಮೈಗೆ ಒಳ್ಳೆಯದು ಎನ್ನುತ್ತಿದ್ದಳು. ಎಷ್ಟೋ ವರ್ಷಗಳ ಹಿಂದೆ ಗಿರಣಿ ಮುಚ್ಚಿತು, ಗೋಡೆಯಲ್ಲಿ ಗಿಡ ಹುಟ್ಟಿತು, ಬೀದಿಯ ಹುಡುಗರಿಗೆ ಆ ಗೋಡೆಯ ಮೇಲೆ ಸಾಲಾಗಿ ಕೂತು ಹೋಗಿಬರುವವರನ್ನು ಎಣಿಸುವುದೇ ಉದ್ಯೋಗವಾಯಿತು. ಅಮ್ಮನ ದಾರಿ ಮಾತ್ರ ಬದಲಾಗಲಿಲ್ಲ.

ಆಮೇಲೆ ಒಂದು ಒಳ್ಳೆಯ ಕೆಲಸ ನಡೆಯಿತು. ಒಳ್ಳೆಯದನ್ನು ಒಳ್ಳೆಯದೆನ್ನಲು ನಾಚಿಕೆ ಯಾಕೆ? ನಗರಸಭೆಯವರು ಆ ಗಿರಣಿಗೆ ಸುಣ್ಣಬಣ್ಣ ಬಳಿದು, ಛಾವಣಿ ಸರಿ ಮಾಡಿಸಿ, ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಕಸುಬು ಕಲಿಸುವ ಜಾಗ ಮಾಡಿದರು. ಒಂದು ಹಾಲಿನಲ್ಲಿ ವೈರಿಂಗು, ಇನ್ನೊಂದರಲ್ಲಿ ನಲ್ಲಿ ಪೈಪು, ಮತ್ತೊಂದರಲ್ಲಿ ಹೊಲಿಗೆ, ಮಗದೊಂದರಲ್ಲಿ ಕ್ಷೌರ. ಗೋಡೆಯ ಮೇಲೆ ಕೂತಿದ್ದವರಲ್ಲಿ ಅರ್ಧ ಜನ ಗೋಡೆ ಹಾರಿ ಒಳಗೆ ಹೋದರು ಅನ್ನಿ. ಬೀದಿಯವರು ಅದನ್ನು ಗಿರಣಿ ಶಾಲೆ ಎಂದು ಕರೆದರು. ಸುದ್ದಿ ತಂದವನು ಮಾವ. ಎರಡನೆಯ ಸಲ ಫೇಲಾಗಿ, ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ದಿನ ಕಳೆಯುತ್ತಿದ್ದ ಕಡ್ಡಿಯನ್ನು ಅವನೇ ಎಬ್ಬಿಸಿ ಕರೆದುಕೊಂಡು ಹೋದ. ಅಲ್ಲಿ ಯಾರೂ ಅವಳ ಅಂಕ ಕೇಳಲಿಲ್ಲ. ನಿನ್ನ ಕೈಗೆ ಯಾವ ಕೆಲಸ ಇಷ್ಟ ಎಂದು ಕೇಳಿದರು. ಅವಳ ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೂದಲು ಕತ್ತರಿಸುವುದು ಎಂದುಬಿಟ್ಟಳು.

ಮನೆಗೆ ಬಂದು ಹೇಳಿದಾಗ ಅಮ್ಮ ಮಡಚುತ್ತಿದ್ದ ಟವೆಲ್ಲನ್ನು ಕೆಳಗಿಟ್ಟಳು.

“ಅಷ್ಟು ದೊಡ್ಡ ಊರಲ್ಲಿ ನಿನಗೆ ಇನ್ನೊಂದು ಕಸುಬು ಸಿಗಲಿಲ್ವೇನೇ?” ಎಂದಳು. ಅಷ್ಟೇ. ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಯಾವ ಮಾತನ್ನೂ ನುಂಗದ ಕಡ್ಡಿ ಆವತ್ತು ನುಂಗಿದಳು. ಅವಳಿಗೆ ಕಾರಣ ಗೊತ್ತಿತ್ತು, ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಶಾಲೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಿದ್ದವಳು ಅಮ್ಮ. ಎಂಥ ಸಿಕ್ಕನ್ನೂ ನೋವಾಗದ ಹಾಗೆ ಬುಡ ಹಿಡಿದು, ತುದಿಯಿಂದ ಬಿಡಿಸುತ್ತಿದ್ದಳು. ತನ್ನ ಜಡೆ ಕಳೆದುಕೊಂಡವಳು ಮಗಳದ್ದನ್ನು ಅಷ್ಟು ಚಂದ ಹೆಣೆಯುತ್ತಿದ್ದಳು. ಶಾಲೆಯಲ್ಲಿ ಕಲಿತದ್ದೆಲ್ಲ ಮರೆತು ಹೋದರೂ ಆ ಬೆರಳುಗಳು ಕಡ್ಡಿಗೆ ಮರೆತಿರಲಿಲ್ಲ.

ಕೂದಲಿನ ತರಗತಿಯ ಮೇಡಂ ಗಿಡ್ಡ ಹೆಂಗಸು, ಜೇಬಿನಲ್ಲಿ ಯಾವಾಗಲೂ ಮೂರು ನಾಲ್ಕು ಬಾಚಣಿಗೆ. ಮೊದಮೊದಲು ಬೊಂಬೆ ತಲೆಯ ಮೇಲೆ ಕಲಿಸಿದಳು. ಬೊಂಬೆ ಸುಖಜೀವಿ, ಅಲುಗುವುದಿಲ್ಲ, ಸೀನುವುದಿಲ್ಲ, ಕನ್ನಡಿ ನೋಡಿ ಅಳುವುದಿಲ್ಲ. ಆಮೇಲೆ ಜೀವಂತ ತಲೆಗಳನ್ನು ನೀವೇ ಹುಡುಕಿಕೊಳ್ಳಿ ಎಂದಳು. ಜೊತೆಗೆ ಒಂದು ಕಟ್ಟಳೆ ಹಾಕಿದಳು. ಕೆಲಸ ಮುಗಿದ ಮೇಲೆ ಕಲಿಯುವವರು ಕುರ್ಚಿಯ ಮುಂದೆ ಬಂದು ನಿಂತು, ಕೂತವರ ಮುಖ ನೋಡಿ, ‘ನಿಮ್ಮ ತಲೆ ನನ್ನ ಕೈಗೆ ಕೊಟ್ರಿ, ಉಪಕಾರ ಆಯ್ತು’ ಎನ್ನಬೇಕು. ಎಂಟು ವರ್ಷದ ಮಗುವಾದರೂ ಸರಿ, ಕುರ್ಚಿಯಲ್ಲಿ ಕೂತರೆ ನೀವು ಎಂದೇ ಕರೆಯಬೇಕು. ಹುಡುಗರು ಕಿಸಕ್ಕೆಂದಾಗ ಮೇಡಂ ಗದರಲಿಲ್ಲ.

“ಬಡಗಿ ಕಲೀವಾಗ ಮರ ಹಾಳು ಮಾಡ್ತಾನೆ, ಟೈಲರ್ ಬಟ್ಟೆ ಹಾಳು ಮಾಡ್ತಾಳೆ, ಮೂಲೆಗೆ ಎಸೆದ್ರೆ ಆಯ್ತು. ನೀವು ಹಾಳು ಮಾಡಿದ್ದನ್ನ ಒಬ್ಬ ಮನುಷ್ಯ ಹೊತ್ಕೊಂಡು ಬೀದಿ ಸುತ್ತಬೇಕು. ಆ ಋಣ ನೆನಪಿರಲಿ,” ಎಂದಳು.

ಕಡ್ಡಿಗೆ ಮೊದಲು ತಲೆ ಕೊಟ್ಟವನು ಕಟ್ಟಡದ ಕಾವಲುಗಾರ ತಾತ. ಇರುವುದೇ ನಾಲ್ಕು ಕೂದಲು, ಕೆಟ್ಟರೆ ನಾಲ್ಕೇ ಕೆಡುತ್ತವೆ ಎಂದು ಕೂತ. ನಾಲ್ಕೂ ಕೆಟ್ಟವು. ಸುಡು ಬೇಸಿಗೆಯಲ್ಲಿ ಆತ ವಾರಗಟ್ಟಲೆ ಉಣ್ಣೆಯ ಟೋಪಿ ಹಾಕಿಕೊಂಡು, ಕೇಳಿದವರಿಗೆಲ್ಲ ಶೀತ ಎಂದು ಹೇಳಿದ. ಆಮೇಲೆ ಎದುರುಗಡೆಯ ಟೈಲರ್ ಅಕ್ಕ ಕೂತಳು. ಹಣೆಯ ಮೇಲಿನ ಕೂದಲು ಗರಗಸದ ಹಲ್ಲಿನಂತೆ ಬಂತು. ಅವಳು ಅಂಗಡಿಗೆ ಬಂದವರಿಗೆ ಇದು ಹೊಸ ಫ್ಯಾಷನ್ನು ಎಂದು ಹೇಳಿದಳು, ಒಬ್ಬಳು ಅದನ್ನು ನಂಬಿ ತನಗೂ ಹಾಗೆಯೇ ಬೇಕೆಂದು ಬಂದಳು. ಸೈಕಲ್ ಅಂಗಡಿಯವನು ತನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. ಸಂಜೆಯಾದರೆ ಕಟ್ಟಡದ ಅಂಗಳದಲ್ಲಿ ಒಂದು ಸ್ಟೂಲು, ಒಂದು ಹಳೆಯ ಹಾಸಿಗೆ ಹೊದಿಕೆ, ಸುತ್ತ ಸಲಹೆ ಕೊಡುವವರ ದಂಡು. ಹತ್ತು ಜನ ಹತ್ತು ಮಾತು ಹೇಳಿದರೂ ಯಾರೊಬ್ಬರೂ ತಲೆ ಕೊಡುವುದಿಲ್ಲ ಎನ್ನಲಿಲ್ಲ. ಮೇಲಿನ ಕಿಟಕಿಯಿಂದ ಅಮ್ಮ ನೋಡುತ್ತಿದ್ದಳು, ಕೆಳಗೆ ಇಳಿಯುತ್ತಿರಲಿಲ್ಲ.

ತಿಂಗಳುಗಳು ಕಳೆದಂತೆ ಕಡ್ಡಿಯ ಕೈ ಹದಕ್ಕೆ ಬಂತು. ತಾತನ ಟೋಪಿ ಇಳಿಯಿತು. ಟೈಲರ್ ಅಕ್ಕ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದಳು. ಪಕ್ಕದ ಬೀದಿಯವರೂ ಬಂದು ಕೂತರು. ಪ್ರತಿ ಸಲ ಕಡ್ಡಿ ಮುಂದೆ ಬಂದು ನಿಂತು ಆ ಮಾತು ಹೇಳುತ್ತಿದ್ದಳು. ಮೊದಮೊದಲು ಗಿಳಿಪಾಠವಾಗಿದ್ದ ಮಾತು ಬರಬರುತ್ತ ಒಳಗಿನಿಂದಲೇ ಬರತೊಡಗಿತು. ಇವರ ಋಣ ಹೇಗೆ ತೀರಿಸುವುದು ಎಂದು ಯೋಚಿಸಿದರೆ ಒಂದೇ ದಾರಿ ಕಾಣುತ್ತಿತ್ತು, ಅದು ಪಾಸಾಗುವುದು.

ವರ್ಷದ ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮದೇ ಒಂದು ತಲೆ ತರಬೇಕಿತ್ತು. ಕೂದಲು ಬೆರಳುದ್ದಕ್ಕಿಂತ ಕಡಿಮೆಯಿರಬಾರದು. ಪರೀಕ್ಷೆ ಮಾಡಲು ಹೊರಗಿನಿಂದ ಹಿರಿಯರೊಬ್ಬರು ಬರುತ್ತಿದ್ದರು. ಪಾಸಾದವರನ್ನು ಪೇಟೆಯ ದೊಡ್ಡ ಸಲೂನುಗಳು ನೇರ ಕೆಲಸಕ್ಕೆ ಕರೆದುಕೊಳ್ಳುತ್ತಿದ್ದವು. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ, ಯಾಕೆಂದರೆ ಬಾಗಿಲಲ್ಲಿ ಹೊಸಬರ ಸಾಲು ಕಾಯುತ್ತಿತ್ತು. ಮೂರನೆಯ ಸಲ ಫೇಲಾಗುವುದೆಂದರೆ ಕಡ್ಡಿಗೆ ಮತ್ತೆ ಆ ಕೋಣೆಯ ಮೂಲೆ, ಮತ್ತೆ ಆ ಗೋಡೆ.

ಪರೀಕ್ಷೆಯ ತಲೆ ಯಾರದೆಂಬ ಚಿಂತೆ ಅವಳಿಗಿರಲಿಲ್ಲ. ಅದು ಮಾವನದು. ಅದಕ್ಕೆಂದೇ ಅವನು ತಿಂಗಳುಗಳಿಂದ ಕೂದಲು ಬೆಳೆಸುತ್ತಿದ್ದ. ಡಿಪೋದಲ್ಲಿ ಎಲ್ಲರೂ ಆಡಿಕೊಂಡರು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಾಡಿದರು. ಮೇಲಧಿಕಾರಿ ಕರೆದು ಕೇಳಿದಾಗ, ಇದು ನನ್ನ ಸೊಸೆಯ ವಿದ್ಯಾಭ್ಯಾಸ ಸಾರ್, ಮುಟ್ಟಬೇಡಿ ಎಂದಿದ್ದನಂತೆ. ಮಾವನ ತಲೆ ಇದೆಯಲ್ಲ ಎಂಬ ಧೈರ್ಯದಲ್ಲಿ ಕೊನೆಯ ವಾರ ಬೀದಿಯವರೆಲ್ಲ ಮುಗಿಬಿದ್ದು ಅಭ್ಯಾಸಕ್ಕೆ ಕೂತರು. ಹುಡುಗಿಗೆ ಕೈ ಇನ್ನಷ್ಟು ಪಳಗಲಿ ಎಂದು ಒಬ್ಬರೂ ಬಿಡದೆ ಕ್ರಾಪು ಹೊಡೆಸಿಕೊಂಡರು.

ಇಷ್ಟಾದರೂ ಪರವಾಗಿರಲಿಲ್ಲ. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಕಡ್ಡಿಗೆ ಕೈ ನಡುಕ ಬಂತು. ಕತ್ತರಿ ಹಿಡಿದರೆ ಟಕಟಕ ಸದ್ದು. ಮಾವ ಅದನ್ನು ನೋಡಿ, ಹೆದರಿಕೆ ಹೋಗಬೇಕಾದರೆ ಒಂದು ಸಲ ಪರೀಕ್ಷೆಯನ್ನೇ ಆಡಿಬಿಡೋಣ ಎಂದ. ಸ್ಟೂಲು ಬಂತು, ಹೊದಿಕೆ ಬಂತು, ಮಾವ ಕೂತ. ಕಾವಲುಗಾರ ತಾತ ಪರೀಕ್ಷಕನಾಗಿ ಕೈ ಹಿಂದೆ ಕಟ್ಟಿ ಗಂಭೀರವಾಗಿ ಸುತ್ತು ಹೊಡೆದ. ಟೈಲರ್ ಅಕ್ಕ ಗಡಿಯಾರ ನೋಡಿದಳು. ಕಡ್ಡಿ ಸುಮ್ಮನೆ ಆಡಿಸಲೆಂದು ಎತ್ತಿದ ಕತ್ತರಿ ಒಂದು ಎಳೆ ಕತ್ತರಿಸಿತು. ಆಮೇಲೆ ಅದರ ಪಕ್ಕದ್ದು. ನಡುಕ ನಿಂತಿತು. ಕೈ ತಾನಾಗಿ ಓಡಿತು. ಸುತ್ತ ನಿಂತವರು ಉಸಿರು ಬಿಗಿಹಿಡಿದು ನೋಡಿದರು. ಹಿಂದಲೆ, ಕಿವಿಯ ಅಂಚು, ಬೈತಲೆ, ಒಂದೊಂದೂ ಅಳೆದಿಟ್ಟಂತೆ ಬಂತು. ಅವಳು ಆವರೆಗೆ ಮಾಡಿದ್ದರಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾದ ಕೆಲಸ. ಮಾವ ಕನ್ನಡಿ ನೋಡಿ ತನಗೇ ತಾನು ಮಾರುಹೋದ. ತಾತ ನೂರಕ್ಕೆ ನೂರು ಎಂದು ಘೋಷಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತದ್ದು ಟೈಲರ್ ಅಕ್ಕನ ಮಾತಿಗೆ.

“ಅಲ್ಲ, ನಾಳೆ ಏನು ಕತ್ತರಿಸ್ತಾಳೆ?”

ಎಲ್ಲರೂ ನೆಲ ನೋಡಿದರು. ತಿಂಗಳುಗಟ್ಟಲೆ ಬೆಳೆಸಿದ ಪರೀಕ್ಷೆ ಅಲ್ಲಿ ಸ್ಟೂಲಿನ ಸುತ್ತ ಬಿದ್ದಿತ್ತು. ಒಬ್ಬಿಬ್ಬರಲ್ಲ, ಅಂಗಳ ತುಂಬ ಜನ ನಿಂತು, ಕಣ್ಣು ಬಿಟ್ಟುಕೊಂಡು ನೋಡಿ, ಮೆಚ್ಚಿ, ಅಂಕ ಬೇರೆ ಕೊಟ್ಟಿದ್ದರು. ಒಬ್ಬರಿಗಾದರೂ ಹೊಳೆಯಬೇಡವೇ? ಪ್ರೀತಿ ಹೆಚ್ಚಾದ ಕಡೆ ಬುದ್ಧಿ ರಜೆ ಹಾಕುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸ ಶುರುವಾಯಿತು. ಕಡ್ಡಿ ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದಳು. ಎಲ್ಲಿ ನೋಡಿದರೂ ತನ್ನದೇ ಕೈಕೆಲಸ, ನುಣ್ಣಗೆ, ಗಿಡ್ಡಗೆ, ಅಚ್ಚುಕಟ್ಟಾಗಿ. ಬೆರಳುದ್ದದ ಕೂದಲು ಒಬ್ಬರ ತಲೆಯಲ್ಲೂ ಇರಲಿಲ್ಲ. ಪಕ್ಕದ ಬೀದಿಯಲ್ಲೂ ಅದೇ ಪಾಡು. ತಾತ ತನ್ನ ಗಡ್ಡ ನಡೆಯುತ್ತದೆಯೇ ಎಂದು ಕೇಳಿದ. ಡಿಪೋದಲ್ಲಿ ಕೂದಲಿದ್ದವನು ಮಾವ ಒಬ್ಬನೇ. ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಾಗ ಆಕೆ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ, ತಾನು ಯಾರನ್ನೂ ಕಳಿಸಿಕೊಡುವ ಹಾಗಿಲ್ಲ ಎಂದಳು. ಅದೂ ಪರೀಕ್ಷೆಯ ಒಂದು ಭಾಗವಂತೆ. ನಿನ್ನನ್ನು ನಂಬಿ ಬರುವ ಒಂದು ತಲೆಯನ್ನು ನೀನೇ ತರಬೇಕು ಎಂದಳು.

ಸಂಜೆ ಅಮ್ಮ ಕೆಲಸದಿಂದ ಬಂದಾಗ ಕಡ್ಡಿ ಮೂಲೆಯಲ್ಲಿ ಕೂತಿದ್ದಳು. ಮಾವ ಬಾಗಿಲಲ್ಲಿ ಚೆಲುವಾದ ತಲೆಯನ್ನು ತಗ್ಗಿಸಿ ನಿಂತು ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿದ. ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದ, ಅವಳು ಬೈಯಲಿಲ್ಲ. ನಾಳೆ ತಾನು ಹೋಗುವುದಿಲ್ಲ ಎಂದು ಕಡ್ಡಿ ಗೋಡೆಗೆ ಹೇಳಿದಳು. ಅಮ್ಮ ಚೀಲ ಇಳಿಸಿ, ಅದನ್ನು ಮಡಚಿಟ್ಟು, ಪರೀಕ್ಷೆ ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದಳು.

ಬೆಳಿಗ್ಗೆ ಕಡ್ಡಿ ಎದ್ದಾಗ ಅಮ್ಮ ಆಸ್ಪತ್ರೆಗೆ ಹೊರಟಿರಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲಿನ ಬಟ್ಟೆ ಒದ್ದೆಯಾಗಿತ್ತು, ಕತ್ತಿನ ಮೇಲೆ ನೀರಿನ ಹನಿಗಳಿದ್ದವು. ತಲೆ ತೊಳೆದುಕೊಂಡಿದ್ದಳು.

“ಏಳು, ಹೊತ್ತಾಗುತ್ತೆ,” ಎಂದಳು. “ತಲೆ ತಾನೇ ಬೇಕಿದ್ದು? ನನ್ನ ಹತ್ರ ಒಂದು ಇದೆ.”

ಕಡ್ಡಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದೊಡನೆ ಬೇಡ ಎಂದಳು. ಅಲ್ಲಿ ಉದ್ದಕ್ಕೂ ಕನ್ನಡಿಗಳಿವೆ, ಹಾಲಿನ ತುಂಬ ಜನ ಇರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಗಿರಣಿ ಎಂದಳು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಬೆರಳುದ್ದಕ್ಕಿಂತ ಹೆಚ್ಚೇ ಇದೆ, ಅಳೆದಿದ್ದೇನೆ ಎಂದು ಮೆಟ್ಟಿಲಿಳಿದಳು. ಅಂಗಳದಲ್ಲಿ ಮಾವ ಡ್ಯೂಟಿ ಬದಲಾಯಿಸಿಕೊಂಡು ಕಾಯುತ್ತಿದ್ದ. ಬೀದಿಗೆ ಬಂದ ಅಮ್ಮ ಮಾರುಕಟ್ಟೆಯ ಕಡೆ ತಿರುಗಲಿಲ್ಲ. ನೇರ ನಡೆದಳು. ಸೈಕಲ್ ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ನೋಡಿದ.

ಗೇಟಿನ ಮುಂದೆ ಅವಳ ಕಾಲುಗಳು ನಿಂತವು. ಮಾವ ಒಂದು ಕಡೆ, ಕಡ್ಡಿ ಒಂದು ಕಡೆ. ಒಳಗಿನಿಂದ ಹುಡುಗರ ಗಲಾಟೆ, ಸುತ್ತಿಗೆಯ ಸದ್ದು, ಯಾರೋ ನಕ್ಕಿದ್ದು ಕೇಳಿಸುತ್ತಿತ್ತು. ಅಮ್ಮ ಕಿವಿಗೊಟ್ಟಳು. ಆಗೆಲ್ಲ ಇಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ ಎಂದಳು, ಯಂತ್ರದ ಸದ್ದಿನಲ್ಲಿ ನಗುವುದಕ್ಕೂ ಕೂಗಬೇಕಿತ್ತಂತೆ. ಹಾಗೆಂದು ಒಳಗೆ ಕಾಲಿಟ್ಟಳು.

ಕೂದಲಿನ ತರಗತಿ ನಡೆಯುತ್ತಿದ್ದುದು ಹಿಂದೆ ನೂಲು ತೆಗೆಯುತ್ತಿದ್ದ ಹಾಲಿನಲ್ಲಿ. ಎತ್ತರದ ಕಿಟಕಿಗಳು, ಹಳದಿ ಬಣ್ಣ ಬಳಿದ ಕಬ್ಬಿಣದ ಕಂಬಗಳು, ಗೋಡೆಯುದ್ದಕ್ಕೂ ಕನ್ನಡಿ ಮತ್ತು ಕುರ್ಚಿ. ಅಮ್ಮ ಕಂಬಗಳನ್ನು ನೋಡುತ್ತ ನಡೆದು ಕಿಟಕಿಯ ಬಳಿಯ ಒಂದು ಕಂಬದ ಹತ್ತಿರ ನಿಂತಳು. ಅದರ ಮೇಲೆ ಕೈಯಿಟ್ಟಳು.

“ನಿನ್ನ ಕುರ್ಚಿ ಯಾವುದು?”

ಕಡ್ಡಿ ಆಚೆಯ ಮೂಲೆ ತೋರಿಸಿದಳು.

“ಇಲ್ಲಿ ಕೂರಬಹುದಾ? ನಾನು ನಿಲ್ತಿದ್ದಿದ್ದು ಇಲ್ಲೇ.”

ಆ ಕುರ್ಚಿ ಬೇರೊಬ್ಬ ಹುಡುಗಿಯದು. ಅವಳು ಏನೂ ಕೇಳದೆ ತನ್ನ ಬಾಚಣಿಗೆ ಕತ್ತರಿಗಳನ್ನು ಎತ್ತಿಕೊಂಡು ಮೂಲೆಗೆ ಹೋದಳು. ಅಮ್ಮ ಕೂತಳು. ಕಡ್ಡಿ ಅವಳ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದಳು. ಗಂಟೆ ಹೊಡೆಯಿತು. ಪರೀಕ್ಷೆ ಮಾಡಲು ಬಂದ ಹಿರಿಯರು ಹಾಲಿನ ಆ ತುದಿಯಿಂದ ನಡೆಯತೊಡಗಿದರು. ಅಮ್ಮ ತಾನೇ ಕೈ ಎತ್ತಿ ನೀಲಿ ಚುಕ್ಕೆಯ ಬಟ್ಟೆಯ ಗಂಟು ಬಿಚ್ಚಿದಳು.

ಎಡ ಕಿವಿಯ ಮೇಲಿನಿಂದ ನೆತ್ತಿಯ ಹತ್ತಿರದವರೆಗೆ ಅಂಗೈಯಗಲ ಕೂದಲಿರಲಿಲ್ಲ. ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಉಳಿದ ಕಡೆ ಕೂದಲು ದಟ್ಟವಾಗಿತ್ತು, ಅರ್ಧ ನರೆತು, ರೇಷ್ಮೆಯಂತೆ ಮೆತ್ತಗಿತ್ತು. ಇಷ್ಟು ಒಳ್ಳೆಯ ಕೂದಲನ್ನು ಇಷ್ಟು ವರ್ಷ ಯಾರೂ ನೋಡಿಯೇ ಇರಲಿಲ್ಲ. ಕಡ್ಡಿ ಮೊದಲ ಸಲ ತಾಯಿಯ ತಲೆಯ ಮೇಲೆ ಕೈಯಿಟ್ಟಳು. ಕಣ್ಣು ಮಂಜಾಯಿತು, ಕನ್ನಡಿ ಮಂಜಾಯಿತು.

“ಅಳ್ತಾ ಕತ್ತರಿ ಹಿಡೀಬೇಡ,” ಎಂದಳು ಅಮ್ಮ ಕನ್ನಡಿಯೊಳಗಿಂದ. “ಇರೋದೂ ಹೋದೀತು.”

ಕಡ್ಡಿಗೆ ಅಳುವಿನ ನಡುವೆ ನಗು ಬಂತು. ಮೂಗು ಒರೆಸಿಕೊಂಡು ಬಾಚಣಿಗೆ ಹಿಡಿದಳು. ತುದಿಯಿಂದ ಸಿಕ್ಕು ಬಿಡಿಸುತ್ತ ಬಂದಳು, ನೋವಾಗದ ಹಾಗೆ, ಬುಡ ಹಿಡಿದು. ಬಾಚುತ್ತಲೇ ಅವಳು ಮನಸ್ಸಿನಲ್ಲಿ ಒಂದು ಉಪಾಯ ಹೂಡಿದಳು. ಬಲಗಡೆಯ ಕೂದಲನ್ನು ಉದ್ದ ಬಿಟ್ಟು, ಎಡಕ್ಕೆ ಬಾಚಿ ಕೂರಿಸಿದರೆ ಕಲೆ ಪೂರ್ತಿ ಮುಚ್ಚಿಹೋಗುತ್ತದೆ. ಕಷ್ಟದ ಕೆಲಸ, ಆದರೆ ಚೆನ್ನಾಗಿ ಬಂದರೆ ಅಂಕ ಕಟ್ಟಿಟ್ಟ ಬುತ್ತಿ. ಎರಡು ಎಳೆ ಎತ್ತಿ ಆ ಕಡೆ ಹಾಯಿಸಿದಳೋ ಇಲ್ಲವೋ, ಅಮ್ಮ ಕೇಳಿದಳು.

“ಏನ್ಮಾಡ್ತಿದ್ದೀಯ?”

“ಮುಚ್ತಾ ಇದ್ದೀನಮ್ಮ. ಸ್ವಲ್ಪನೂ ಕಾಣಿಸಲ್ಲ.”

“ಮುಚ್ಚೋದು ನನಗೇ ಬರುತ್ತೆ. ಅದಕ್ಕೆ ನೀನು ವರ್ಷವಿಡೀ ಕಲಿತು ಬರಬೇಕಿತ್ತಾ?”

ಕಡ್ಡಿ ಎತ್ತಿದ ಎಳೆಗಳನ್ನು ಕೆಳಗಿಟ್ಟಳು. ತಾಯಿಯ ಮುಖವನ್ನು ಕನ್ನಡಿಯಲ್ಲಿ ಮತ್ತೊಮ್ಮೆ ನೋಡಿದಳು, ಈ ಸಲ ಮೇಡಂ ಹೇಳಿಕೊಟ್ಟ ಹಾಗೆ, ಕಲೆಯನ್ನಲ್ಲ, ತಲೆಯನ್ನು ನೋಡಿದಳು. ಹಣೆ ಅಗಲ, ಕೆನ್ನೆಯ ಮೂಳೆ ಎತ್ತರ, ಕತ್ತು ನೀಳ. ಚಿಕ್ಕ ಕ್ರಾಪು ಕೂರುವುದಕ್ಕೆಂದೇ ಇದ್ದಂಥ ತಲೆ. ಆಮೇಲೆ ಅವಳು ಅನುಮಾನಿಸಲಿಲ್ಲ. ಬಲಗಡೆಯಿಂದ ಹಿಡಿದು ಹಿಂದಲೆಯವರೆಗೆ ಗಿಡ್ಡ ಮಾಡುತ್ತ ಬಂದಳು. ಕಲೆಯ ಅಂಚಿಗೆ ಬಂದಾಗ ಮಿಷನ್ ಬಿಟ್ಟು ಕತ್ತರಿ ಹಿಡಿದು, ಒಂದೊಂದೇ ಎಳೆ ತೆಗೆದು, ಕೂದಲು ಮುಗಿದು ಚರ್ಮ ಶುರುವಾಗುವ ಗೆರೆಯನ್ನು ನಯವಾಗಿ ತಿದ್ದಿದಳು. ಅಗಲವಾದ ಬೈತಲೆಯಂತೆ ಅದು ಅಲ್ಲಿ ಉಳಿಯಿತು. ಯಾರೂ ಅದನ್ನು ಹುಡುಕಬೇಕಾಗಿರಲಿಲ್ಲ, ಯಾರೂ ಅದರಿಂದ ಕಣ್ಣು ತಪ್ಪಿಸಬೇಕಾಗಿಯೂ ಇರಲಿಲ್ಲ.

ಹಿರಿಯರು ಬಂದು ಕುರ್ಚಿಯನ್ನು ಬೆಳಕಿಗೆ ತಿರುಗಿಸಿದರು. ಹಿಂದೆ, ಮುಂದೆ, ಪಕ್ಕ ನೋಡಿದರು. ಬಾಚಣಿಗೆ ಆಡಿಸಿದರು. ಆ ಭಾಗವನ್ನು ಮುಚ್ಚಬಹುದಿತ್ತಲ್ಲ ಎಂದು ಕೇಳಿದರು. ಮುಚ್ಚಬಹುದಿತ್ತು, ಇವರಿಗೆ ಬೇಡವಂತೆ ಎಂದಳು ಕಡ್ಡಿ. ಹಿರಿಯರು ಅಮ್ಮನ ಮುಖ ನೋಡಿದರು. ತಲೆ ಯಾರದೋ ಅವರ ಮಾತೇ ಮಾತು ಎಂದು, ಕಲೆಯ ಅಂಚಿನ ಆ ಗೆರೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ, ಮೇಡಂ ಕಡೆ ತಲೆಯಾಡಿಸಿ ಮುಂದಿನ ಕುರ್ಚಿಗೆ ಹೋದರು. ಮೇಡಂ ಕಡ್ಡಿಯ ಹೆಗಲು ಒತ್ತಿದಳು. ಕಡ್ಡಿ ಪಾಸಾಗಿದ್ದಾಳೆಂದು ಎಲ್ಲರೆದುರು ಓದಿ ಹೇಳಿದ್ದು ಆಮೇಲೆ. ಪೇಟೆಯ ಸಲೂನು ಅವಳನ್ನು ಮುಂದಿನ ವಾರವೇ ಕೆಲಸಕ್ಕೆ ಕರೆದದ್ದೂ ಆಮೇಲೆಯೇ. ಆದರೆ ಅವಳಿಗೆ ಗೊತ್ತಾದದ್ದು ಆ ಒತ್ತಿದ ಹೆಗಲಿನಲ್ಲಿ.

ಒಂದು ಕೆಲಸ ಬಾಕಿಯಿತ್ತು. ಕಡ್ಡಿ ಕುರ್ಚಿಯ ಮುಂದೆ ಬಂದು ನಿಂತಳು. ಬೀದಿಯ ಅಷ್ಟೂ ಜನರಿಗೆ ಹೇಳಿದ ಮಾತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿದ್ದ ಮಾತು, ಅದನ್ನು ಹೇಳುವ ಮೊದಲು ಕೈಯ ಬಾಚಣಿಗೆಯನ್ನು ಎರಡು ಸಲ ಒರೆಸಿದಳು. ಅಮ್ಮ ಕಾದಳು. ಹಿಂದೆ ನಿಂತಿದ್ದ ಮಾವ ಕರವಸ್ತ್ರ ಹುಡುಕಿಕೊಂಡ.

“ನಿಮ್ಮ ತಲೆ,” ಎಂದಳು ಕಡ್ಡಿ, “ನನ್ನ ಕೈಗೆ ಕೊಟ್ರಿ. ಉಪಕಾರ ಆಯ್ತು.”

“ಹೆತ್ತ ತಾಯಿಗೆ ನೀವು ಅಂತೀಯೇನೇ,” ಎಂದು ಅಮ್ಮ ನಕ್ಕಳು. ನಗು ಹಾಗೆಯೇ ಇಳಿಯಿತು. ಕಂಬವನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಸಾಲು ಕುರ್ಚಿಗಳ ಹಿಂದೆ ಬೆವರುತ್ತ ನಿಂತ ಹುಡುಗ ಹುಡುಗಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. “ಆವತ್ತೇ ಇಲ್ಲಿ ಇಂಥದ್ದೊಂದು ಶಾಲೆ ಇದ್ದಿದ್ರೆ,” ಎಂದು ಶುರುಮಾಡಿದವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು. “ಹೋಗ್ಲಿ. ಈಗ ಇದೆಯಲ್ಲ. ಅಷ್ಟು ಸಾಕು ನನಗೆ.”

ಎದ್ದು, ಕೊರಳ ಬಿಳಿ ಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಮೇಡಂ ಕೈಗೆ ಕೊಟ್ಟಳು. ಆಮೇಲೆ ನೀಲಿ ಚುಕ್ಕೆಯ ಬಟ್ಟೆಯನ್ನೂ ಹಾಗೆಯೇ ಮಡಚಿ ಚೀಲದೊಳಗೆ ಹಾಕಿದಳು.

ಮಧ್ಯಾಹ್ನ ಮೂವರೂ ಹಿಂತಿರುಗಿದರು. ಬಿಸಿಲಿತ್ತು, ಸ್ವಲ್ಪ ಗಾಳಿಯೂ ಇತ್ತು. ಗಾಳಿ ತಲೆಗೆ ತಾಗಿದಾಗ ಅಮ್ಮ ಒಮ್ಮೆ ಕೈ ಮೇಲೆತ್ತಿದಳು, ಬಟ್ಟೆ ಸರಿಮಾಡುವ ಹಳೆಯ ಅಭ್ಯಾಸ, ಆಮೇಲೆ ಇಳಿಸಿದಳು. ಕಟ್ಟಡದ ಮುಂದೆ ಬೀದಿಯೇ ನೆರೆದಿತ್ತು. ಫಲಿತಾಂಶ ಕೇಳಲು ಬಾಯಿ ತೆರೆದ ಟೈಲರ್ ಅಕ್ಕ ಅಮ್ಮನ ತಲೆ ನೋಡಿ ಅದನ್ನು ಮರೆತು, ತನಗೂ ಇಂಥದ್ದೇ ಬೇಕು, ಮುಂದಿನ ಸಲ ತಾನೇ ಮೊದಲು ಎಂದಳು. ಕಾವಲುಗಾರ ತಾತ ಸ್ಟೂಲಿನಿಂದ ಎದ್ದು ನಿಂತ. ಕಡ್ಡಿ ಅವರನ್ನೆಲ್ಲ ನೋಡಿದಳು. ಒಂದೊಂದು ತಲೆಯ ಮೇಲೂ ತಾನು ಕಲಿತ ಒಂದೊಂದು ಪಾಠವಿತ್ತು. ಪಾಸಾದೆ ಎಂದು ಹೇಳಬೇಕಿದ್ದವಳಿಗೆ ಬಂದದ್ದು ಅದೇ ಹಳೆಯ ಮಾತು, ಉಪಕಾರ ಆಯ್ತು ಎಂದಳು, ಎಲ್ಲರಿಗೂ ಸೇರಿಸಿ. ಅವರಿಗೆ ಅರ್ಥವಾಯಿತು. ಗದ್ದಲವೆದ್ದಿತು.

ಅಮ್ಮ ಮಾತ್ರ ಅಂಗಳದಲ್ಲಿ ನಿಂತು ಬಂದ ದಾರಿಯನ್ನೇ ತಿರುಗಿ ನೋಡುತ್ತಿದ್ದಳು. ಗಿರಣಿಯ ಗೇಟು ಅಲ್ಲಿಂದಲೇ ಕಾಣುತ್ತಿತ್ತು.

“ಇಷ್ಟೇ ಹತ್ತಿರ,” ಎಂದಳು ತಮ್ಮನಿಗೆ. “ಇಷ್ಟು ವರ್ಷ ಸುಮ್ನೆ ಚಪ್ಪಲಿ ಸವೆಸಿದೆ ನೋಡು.”

ಮರುದಿನ ಬೆಳಿಗ್ಗೆ ಕಡ್ಡಿ ಕಿಟಕಿಯಲ್ಲಿ ನಿಂತು ನೋಡಿದಳು. ಅಮ್ಮ ಕೆಲಸಕ್ಕೆ ಹೊರಟು ಬೀದಿಗೆ ಇಳಿದಳು, ಮಾರುಕಟ್ಟೆಯ ತಿರುವಿನಲ್ಲಿ ನಿಲ್ಲಲೂ ಇಲ್ಲ, ಬರಿತಲೆಯಲ್ಲಿ ಗಿರಣಿ ಶಾಲೆಯ ಮುಂದೆ ಹಾದು ಬಸ್ಸು ಹತ್ತಿದಳು.